ಮೂಳೆ ಕಟ್ಟುವ ಕಾಲ ಮೀರುವ ಮುನ್ನ

“ಹಕೀಮ್ ಸಾಬ್, ಪಾಯಾ ಕುಡಿಸಿದರೆ ಮಕ್ಕಳ ಮೂಳೆ ಗಟ್ಟಿಯಾಗುತ್ತಾ?” ದವಾಖಾನೆಗೆ ಬರುವ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದಕ್ಕಿಂತ ಮೂಳೆ ಎಂದರೇನು, ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ಅರಿತುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಮೂಳೆ ಬೆಳೆಯುವುದಕ್ಕೆ ಒಂದು ನಿಗದಿತ ಕಾಲವಿದೆ. ಆ ಕಾಲ ಕಳೆದ ಮೇಲೆ ಎಷ್ಟು ಹಣ ಖರ್ಚು ಮಾಡಿದರೂ ಕಳೆದದ್ದು ಪೂರ್ತಿ ಮರಳಿ ಬರುವುದಿಲ್ಲ.

ಅಡುಗೆಮನೆಯಲ್ಲೇ ಇದೆ ಪಾಠ

ಮಟನ್ ತಂದ ದಿನ ಸ್ವಲ್ಪ ಗಮನವಿಟ್ಟು ನೋಡಿ. ಉದ್ದನೆಯ ನಲ್ಲಿ ಮೂಳೆಯ ಹೊರಭಾಗ ಕಲ್ಲಿನಷ್ಟು ಗಟ್ಟಿ. ಒಳಗೆ ಕೊಳವೆಯಂತೆ ಟೊಳ್ಳು, ಅದರಲ್ಲಿ ಮೆತ್ತಗಿನ ಮಜ್ಜೆ. ಮೂಳೆಯ ತುದಿಯನ್ನು ಕೊಯ್ದರೆ ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಕೀಲು ಕೂಡುವ ಜಾಗದಲ್ಲಿ ಹಾಲಿನಂತೆ ಬಿಳಿಯಾದ, ನುಣುಪಾದ, ಹಲ್ಲಿಗೆ ಕುರುಕುರು ಎನ್ನುವ ಪದರವಿರುತ್ತದೆ. ಉರ್ದುವಿನಲ್ಲಿ ಅದನ್ನು ಕುರ್ರಿ ಹಡ್ಡಿ ಎನ್ನುತ್ತಾರೆ, ಕನ್ನಡದ ಪಠ್ಯಪುಸ್ತಕಗಳಲ್ಲಿ ಮೃದ್ವಸ್ಥಿ.

ಇನ್ನೊಂದು ವಿಷಯವನ್ನೂ ಗಮನಿಸಿ. ಎಳೆಯ ಮರಿಯ ಕಾಲನ್ನು ಚೆನ್ನಾಗಿ ಬೇಯಿಸಿದರೆ ಮೂಳೆಯ ತುದಿ ಟೋಪಿಯಂತೆ ಕಳಚಿ ಬರುತ್ತದೆ. ವಯಸ್ಸಾದ ಕುರಿಯದು ಹಾಗೆ ಕಳಚುವುದಿಲ್ಲ. ಮಾಂಸದ ವ್ಯಾಪಾರದಲ್ಲಿ ಪಳಗಿದವರು ಇದನ್ನು ನೋಡಿಯೇ ಮರಿಯೋ ಬಲಿತ ಕುರಿಯೋ ಎಂದು ಹೇಳಬಲ್ಲರು. ಮರಿಯ ಮೂಳೆಯ ತುದಿಗೂ ನಡುಭಾಗಕ್ಕೂ ಮಧ್ಯೆ ಇನ್ನೂ ಮೃದ್ವಸ್ಥಿಯ ಒಂದು ತೆಳು ಪಟ್ಟಿ ಇರುತ್ತದೆ. ಬೆಂದಾಗ ಅದು ಕರಗಿ ತುದಿ ಬೇರೆಯಾಗುತ್ತದೆ. ನಮ್ಮ ಮಕ್ಕಳ ಕೈಕಾಲುಗಳ ಮೂಳೆಯಲ್ಲೂ ಇದೇ ಪಟ್ಟಿ ಇದೆ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಮಗು ಎತ್ತರಕ್ಕೆ ಬೆಳೆಯುವುದು ಈ ಪಟ್ಟಿಯಿಂದಲೇ.

ಸೆಂಟ್ರಿಂಗ್ ಮತ್ತು ಕಾಂಕ್ರೀಟ್

ತಾಯಿಯ ಗರ್ಭದಲ್ಲಿ ಮಗುವಿನ ಕೈಕಾಲುಗಳು ಮೂಡುವಾಗ ಅಲ್ಲಿ ಮೂಳೆಯೇ ಇರುವುದಿಲ್ಲ. ಆರನೆಯ ವಾರದ ಸುಮಾರಿಗೆ ಮೊದಲು ಮೃದ್ವಸ್ಥಿಯ ಪುಟ್ಟ ಅಚ್ಚು ತಯಾರಾಗುತ್ತದೆ. ಎಂಟನೆಯ ವಾರದ ಹೊತ್ತಿಗೆ ತೊಡೆಯಂತಹ ಉದ್ದ ಮೂಳೆಗಳ ನಡುಭಾಗದಲ್ಲಿ ಸುಣ್ಣದ ಅಂಶ ಸೇರತೊಡಗುತ್ತದೆ. ರಕ್ತನಾಳಗಳು ಒಳನುಗ್ಗುತ್ತವೆ. ಅವುಗಳ ಜೊತೆ ಬಂದ ಮೂಳೆ ಕಟ್ಟುವ ಕಣಗಳು ಮೃದ್ವಸ್ಥಿಯ ಜಾಗದಲ್ಲಿ ನಿಜವಾದ ಮೂಳೆಯನ್ನು ಕಟ್ಟುತ್ತಾ ಹೋಗುತ್ತವೆ.

ಮನೆಗೆ ಮೋಲ್ಡ್ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಹಲಗೆಯ ಸೆಂಟ್ರಿಂಗ್, ಅದರ ಮೇಲೆ ಕಬ್ಬಿಣದ ಸರಳು, ಆಮೇಲೆ ಕಾಂಕ್ರೀಟ್. ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತಾರೆ. ದೇಹದಲ್ಲಿ ಮೃದ್ವಸ್ಥಿ ಸೆಂಟ್ರಿಂಗ್ ಇದ್ದ ಹಾಗೆ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಸರಳು. ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಲವಣ ಕಾಂಕ್ರೀಟ್. ಒಣಗಿದ ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಲವಣ, ಉಳಿದದ್ದು ಹೆಚ್ಚಾಗಿ ಕೊಲಾಜೆನ್.

ಎರಡೂ ಯಾಕೆ ಬೇಕು ಎಂದು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ತೊಳೆದ ಕೋಳಿ ಮೂಳೆಯೊಂದನ್ನು ವಿನೆಗರ್‌ನಲ್ಲಿ ಕೆಲವು ದಿನ ಮುಳುಗಿಸಿಡಿ. ಸುಣ್ಣದ ಅಂಶ ಕರಗಿ ಮೂಳೆ ರಬ್ಬರಿನಂತೆ ಬಾಗುತ್ತದೆ. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಸುಡಿ. ಪ್ರೋಟೀನ್ ಸುಟ್ಟುಹೋಗಿ ಸುಣ್ಣ ಮಾತ್ರ ಉಳಿಯುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಸುಣ್ಣವಿಲ್ಲದ ಮೂಳೆ ಬಾಗುತ್ತದೆ, ಪ್ರೋಟೀನ್ ಇಲ್ಲದ ಮೂಳೆ ಒಡೆಯುತ್ತದೆ.

ಎಲ್ಲ ಮೂಳೆಗಳೂ ಮೃದ್ವಸ್ಥಿಯ ಅಚ್ಚಿನಿಂದ ಬರುವುದಿಲ್ಲ. ತಲೆಬುರುಡೆಯ ಮೇಲ್ಭಾಗದ ಮೂಳೆಗಳು ತೆಳು ಪೊರೆಯಲ್ಲಿ ನೇರವಾಗಿ ಮೂಡುತ್ತವೆ. ಹಸುಗೂಸಿನ ನೆತ್ತಿ ಮೆತ್ತಗಿರುವುದು ಅಲ್ಲಿ ಮೂಳೆಗಳು ಇನ್ನೂ ಕೂಡಿಕೊಂಡಿಲ್ಲವೆಂದು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದೊಳಗೆ ಅದು ಮುಚ್ಚುತ್ತದೆ. ಆ ನಂತರವೂ ನೆತ್ತಿ ತೆರೆದೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಹುಟ್ಟಿದ ಮಗುವಿನಲ್ಲಿ 270ಕ್ಕೂ ಹೆಚ್ಚು ಮೂಳೆ ತುಂಡುಗಳಿರುತ್ತವೆ. ದೊಡ್ಡವರಲ್ಲಿ 206. ತುಂಡುಗಳು ಕಳೆದುಹೋಗುವುದಿಲ್ಲ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗ್ರೋತ್ ಪ್ಲೇಟ್‌ಗಳು ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ 14ರಿಂದ 16, ಗಂಡುಮಕ್ಕಳಲ್ಲಿ 16ರಿಂದ 18 ವರ್ಷದ ಸುಮಾರಿಗೆ ಮುಚ್ಚಿಕೊಳ್ಳುತ್ತವೆ. ಅಲ್ಲಿಗೆ ಎತ್ತರದ ಲೆಕ್ಕ ಮುಗಿಯಿತು. ಆದರೆ ಮೂಳೆಯ ಗಟ್ಟಿತನ ಮಾತ್ರ 25-30 ವರ್ಷದವರೆಗೆ ಕೂಡುತ್ತಾ ಹೋಗುತ್ತದೆ. ಅದು ಬ್ಯಾಂಕಿನ ಠೇವಣಿ ಇದ್ದಂತೆ. ಆ ವಯಸ್ಸಿನೊಳಗೆ ಎಷ್ಟು ಕೂಡಿಟ್ಟಿದ್ದೀರೋ ಅದನ್ನೇ ಮುಂದೆ ಜೀವನವಿಡೀ ಖರ್ಚು ಮಾಡಬೇಕು.

ಹಳೆಯ ಹಕೀಮರು ಕಂಡದ್ದು

ಯುನಾನಿ ಪಠ್ಯದಲ್ಲಿ ಮೂಳೆಯನ್ನು ಅಝ್ಮ್, ಮೃದ್ವಸ್ಥಿಯನ್ನು ಗುಝ್ರೂಫ್ ಎಂದು ಕಲಿಯುತ್ತೇವೆ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ದೇಹದ ಸರಳ ಅಂಗಗಳನ್ನು ಹೇಳುವಾಗ ಮೂಳೆಯಿಂದ ಆರಂಭಿಸಿ ಮೃದ್ವಸ್ಥಿಗೆ ಬರುತ್ತಾರೆ. ಮೃದ್ವಸ್ಥಿ ಮೂಳೆಗಿಂತ ಮೆದು, ಉಳಿದ ಅಂಗಗಳಿಗಿಂತ ಗಟ್ಟಿ, ಗಟ್ಟಿ ಮೂಳೆ ಮೆದು ಭಾಗಗಳಿಗೆ ನೇರವಾಗಿ ತಾಗದಂತೆ ನಡುವೆ ನಿಲ್ಲುವುದು ಅದರ ಕೆಲಸ ಎಂಬುದು ಅವರ ವಿವರಣೆ. ಸಾವಿರ ವರ್ಷದ ಹಿಂದಿನ ಈ ಮಾತು ಇಂದಿಗೂ ಸರಿಯಾಗಿದೆ.

ಅವರ ನಂತರ ಬಂದ ಅಬ್ದುಲ್ ಲತೀಫ್ ಅಲ್ ಬಗ್ದಾದಿಯವರದು ಇನ್ನೊಂದು ಪಾಠ. 1200ರ ಸುಮಾರಿಗೆ ಈಜಿಪ್ಟಿನಲ್ಲಿ ಭೀಕರ ಬರ ಬಂದು ಅಸಂಖ್ಯ ಜನ ಸತ್ತರು. ರಾಶಿಬಿದ್ದ ಅಸ್ಥಿಪಂಜರಗಳನ್ನು ಅವರು ಪರೀಕ್ಷಿಸಿ ನೋಡಿದರು. ಕೆಳದವಡೆ ಎರಡು ಮೂಳೆಗಳಿಂದ ಆದದ್ದು ಎಂದು ಗ್ಯಾಲೆನ್ ಬರೆದಿದ್ದರು, ಎಲ್ಲರೂ ಅದನ್ನೇ ನಂಬಿದ್ದರು. ಎರಡು ಸಾವಿರಕ್ಕೂ ಹೆಚ್ಚು ದವಡೆಗಳನ್ನು ನೋಡಿದ ಬಗ್ದಾದಿಯವರು ಅದು ಒಂದೇ ಮೂಳೆ ಎಂದು ಬರೆದರು. ಎಷ್ಟೇ ದೊಡ್ಡವರು ಹೇಳಿದ್ದರೂ ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳಬೇಕು ಎಂಬುದು ನಮ್ಮ ವೈದ್ಯಪದ್ಧತಿಯೊಳಗೇ ಇರುವ ದಾರಿ. ಇಂದು ಹಾಗೆ ಕಣ್ಣಿಂದ ನೋಡುವುದಕ್ಕೆ ಎಕ್ಸ್‌ರೇ ಇದೆ.

ಮಗು ಬಿದ್ದಾಗ ಎಣ್ಣೆ ತಿಕ್ಕಬೇಡಿ

ಮಹಡಿ ಮೆಟ್ಟಿಲಿನಿಂದ, ಸೈಕಲ್‌ನಿಂದ, ಮರದಿಂದ ಬಿದ್ದ ಮಗುವಿನ ಮೊಣಕೈ ಊದಿಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಎಣ್ಣೆ ಮಾಲೀಶು, ಇಲ್ಲವೇ ಕಟ್ಟು ಕಟ್ಟುವವರು. ಬಿದಿರಿನ ಪಟ್ಟಿ, ಮೊಟ್ಟೆಯ ಲೋಳೆ, ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟು ಹಾಕಿಸಿಕೊಂಡು ಬರುತ್ತಾರೆ. ನಾನೂ ಗಿಡಮೂಲಿಕೆಯ ವೈದ್ಯನೇ. ಆದರೂ ಇಲ್ಲಿ ಸ್ಪಷ್ಟವಾಗಿ ಹೇಳಬೇಕು: ಬಿದ್ದು ಊದಿಕೊಂಡ ಮಗುವಿನ ಕೈಕಾಲಿಗೆ ಎಕ್ಸ್‌ರೇ ಆಗುವ ಮುನ್ನ ಮಾಲೀಶು ಬೇಡ, ಕಟ್ಟೂ ಬೇಡ.

ಕಾರಣ ಮೇಲೆ ಹೇಳಿದ ಪಟ್ಟಿಯೇ. ಮಗುವಿನ ಮೊಣಕೈ ದೊಡ್ಡವರ ಮೊಣಕೈಯ ಚಿಕ್ಕ ರೂಪವಲ್ಲ. ಅದರ ಬಹುಭಾಗ ಇನ್ನೂ ಮೃದ್ವಸ್ಥಿ. ಮೊಣಕೈಯ ತುದಿಗಳಲ್ಲಿ ಮೂಳೆಯ ಚುಕ್ಕೆಗಳು ಒಂದು ವರ್ಷದಿಂದ ಶುರುವಾಗಿ ಹನ್ನೊಂದು ವರ್ಷದವರೆಗೆ ಒಂದೊಂದಾಗಿ ಮೂಡುತ್ತವೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಾದ್ದರಿಂದ ತಜ್ಞರೂ ಕೆಲವೊಮ್ಮೆ ಎರಡೂ ಕೈಗಳ ಚಿತ್ರ ತೆಗೆಸಿ ಹೋಲಿಸಿ ನೋಡುತ್ತಾರೆ. ಹೀಗಿರುವಾಗ ಬರಿಗೈಯಲ್ಲಿ ಮುಟ್ಟಿ ನೋಡಿ ಕಟ್ಟು ಹಾಕುವವರಿಗೆ ಅದು ಗೊತ್ತಾಗುವುದಾದರೂ ಹೇಗೆ? ಪೆಟ್ಟು ಗ್ರೋತ್ ಪ್ಲೇಟ್‌ಗೆ ಬಿದ್ದಿದ್ದು ಸರಿಯಾಗಿ ಕೂಡಿಸದಿದ್ದರೆ ಆ ಕೈ ಅಥವಾ ಕಾಲು ಗಿಡ್ಡವಾಗಬಹುದು, ವರ್ಷಗಳು ಕಳೆದಂತೆ ಸೊಟ್ಟಗಾಗಬಹುದು.

ಇನ್ನೂ ದೊಡ್ಡ ಅಪಾಯ ಬಿಗಿ ಕಟ್ಟಿನದು. ಊತ ಏರುತ್ತಿರುವಾಗ ಸುತ್ತಲೂ ಬಿಗಿದರೆ ರಕ್ತದ ಓಡಾಟ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯತೊಡಗುತ್ತದೆ. ಕಟ್ಟು ಇರಲಿ, ಆಸ್ಪತ್ರೆಯ ಪ್ಲಾಸ್ಟರೇ ಇರಲಿ, ಮಗು ನೋವಿನಿಂದ ಒಂದೇ ಸಮನೆ ಅಳುತ್ತಿದ್ದರೆ, ಬೆರಳುಗಳು ತಣ್ಣಗಾಗಿದ್ದರೆ, ನೀಲಿ ಅಥವಾ ಬಿಳುಪು ಬಣ್ಣಕ್ಕೆ ತಿರುಗಿದ್ದರೆ, ಜೋಮು ಹಿಡಿದಿದ್ದರೆ, ಬೆರಳು ನೆಟ್ಟಗೆ ಮಾಡಿದಾಗ ಚೀರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬಟ್ಟೆಯ ಕಟ್ಟನ್ನು ಕೂಡಲೇ ಸಡಿಲಿಸಿ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಓಡಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಕೈ ಇದ್ದ ಸ್ಥಿತಿಯಲ್ಲೇ ಇರಲಿ, ಎಳೆಯಬೇಡಿ. ರಟ್ಟು ಅಥವಾ ಮಡಚಿದ ದಿನಪತ್ರಿಕೆಯನ್ನು ಆಸರೆಯಾಗಿ ಇಟ್ಟು ಸಡಿಲವಾಗಿ ಕಟ್ಟಿ. ದುಪಟ್ಟಾದಿಂದ ಕೈಯನ್ನು ಕುತ್ತಿಗೆಗೆ ಜೋಳಿಗೆಯಂತೆ ತೂಗುಹಾಕಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ತಿನ್ನಲು ಕುಡಿಯಲು ಕೊಡದೆ ಹೊರಡಿ. ಹರಿಹರದವರಿಗೆ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಖರ್ಚಿಗೆ ಹೆದರಿ ತಡ ಮಾಡಬೇಡಿ.

ಬಿಸಿಲು ಮತ್ತು ಸೊಟ್ಟಗಾಲು

ಸುಣ್ಣದ ಅಂಶ ಊಟದಲ್ಲಿದ್ದರೆ ಸಾಲದು, ಅದು ಕರುಳಿನಿಂದ ರಕ್ತಕ್ಕೆ ಸೇರಬೇಕು. ಅದಕ್ಕೆ ವಿಟಮಿನ್ ಡಿ ಬೇಕು. ನಮ್ಮ ದೇಹಕ್ಕೆ ಇದು ಹೆಚ್ಚಾಗಿ ಸಿಗುವುದು ಚರ್ಮದ ಮೇಲೆ ಬೀಳುವ ಬಿಸಿಲಿನಿಂದ. ಬಯಲುಸೀಮೆಯ ದಾವಣಗೆರೆಯಲ್ಲಿ ಬಿಸಿಲಿಗೇನು ಬರ ಎನ್ನಬಹುದು. ಆದರೆ ಇಕ್ಕಟ್ಟಾದ ಗಲ್ಲಿಯ ಮನೆಯೊಳಗೆ ಬೆಳಗಿನಿಂದ ಸಂಜೆಯವರೆಗೆ ಬೀಡಿ ಸುತ್ತುತ್ತ ಕೂರುವ ಹೆಣ್ಣುಮಗಳಿಗೆ ಆ ಬಿಸಿಲು ತಾಗುವುದೇ ಇಲ್ಲ. ರಾತ್ರಿಯೆಲ್ಲ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಹಗಲು ಮಲಗುವವರಿಗೂ ಅಷ್ಟೆ. ಹೊರಗೆ ಹೋದಾಗ ಬುರ್ಖಾ ಇರುತ್ತದೆ.

ಇದಕ್ಕೆ ಪರದೆ ಬಿಡಬೇಕಾಗಿಲ್ಲ. ಮನೆಯ ಮಾಳಿಗೆ ಅಥವಾ ಹಿತ್ತಲಿನಲ್ಲಿ ಮರೆ ಕಟ್ಟಿಕೊಂಡು ಬೆಳಗ್ಗೆ ಹತ್ತರ ನಂತರ, ಮಧ್ಯಾಹ್ನ ಮೂರರೊಳಗೆ, ತೋಳು ಮತ್ತು ಕಾಲಿಗೆ ನೇರ ಬಿಸಿಲು ಬೀಳುವಂತೆ ಅರ್ಧ ಗಂಟೆ ಕುಳಿತರೆ ಪ್ರಯೋಜನವಾಗುತ್ತದೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಿಂದ ಈ ವಿಟಮಿನ್ ತಯಾರಾಗುವುದಿಲ್ಲ. ಮುಂಜಾನೆಯ ಎಳೆಬಿಸಿಲೂ ಇದಕ್ಕೆ ಸಾಲದು.

ಗರ್ಭಿಣಿಗೆ ವಿಟಮಿನ್ ಡಿ ಕೊರತೆಯಿದ್ದರೆ ಮಗು ಹುಟ್ಟುವಾಗಲೇ ಕೊರತೆ ಹೊತ್ತು ಬರುತ್ತದೆ. ತಾಯಿಯ ಹಾಲು ಎಲ್ಲದಕ್ಕಿಂತ ಶ್ರೇಷ್ಠ ಆಹಾರ, ಆದರೆ ಅದರಲ್ಲಿ ಈ ವಿಟಮಿನ್ ಕಡಿಮೆ. ಹಾಗಾಗಿ ಮೊದಲ ವರ್ಷ ದಿನಕ್ಕೆ 400 ಯೂನಿಟ್‌ನಷ್ಟು ಹನಿ ಕೊಡಲು ಮಕ್ಕಳ ತಜ್ಞರು ಹೇಳುತ್ತಾರೆ. ಕೊರತೆ ಮುಂದುವರಿದರೆ ಗ್ರೋತ್ ಪ್ಲೇಟ್‌ನ ಮೃದ್ವಸ್ಥಿ ಬೆಳೆಯುತ್ತದೆ, ಆದರೆ ಅದಕ್ಕೆ ಸುಣ್ಣ ಕೂಡುವುದಿಲ್ಲ. ಸೆಂಟ್ರಿಂಗ್ ಹೊಡೆದು ಸಿಮೆಂಟ್ ಬಾರದೆ ನಿಂತ ಮನೆಯಂತೆ. ಮಣಿಕಟ್ಟು ದಪ್ಪವಾಗುತ್ತದೆ, ನಡೆಯಲು ಕಲಿತ ಮಗುವಿನ ಕಾಲು ಬಿಲ್ಲಿನಂತೆ ಬಾಗುತ್ತದೆ. ಇದೇ ರಿಕೆಟ್ಸ್. ದೃಷ್ಟಿಯಾಗಿದೆ ಎಂದು ತಾವೀಝ್ ಕಟ್ಟಿ ಕಾಯುವ ಕಾಯಿಲೆ ಇದಲ್ಲ. ಬೆಳೆಯುವ ವಯಸ್ಸಿನಲ್ಲೇ ಚಿಕಿತ್ಸೆ ಆದರೆ ಎಷ್ಟೋ ಮಕ್ಕಳ ಕಾಲು ಆಪರೇಷನ್ ಇಲ್ಲದೆಯೇ ನೆಟ್ಟಗಾಗುತ್ತದೆ. ಪಟ್ಟಿ ಮುಚ್ಚಿದ ಮೇಲೆ ಆ ಅವಕಾಶ ಇರುವುದಿಲ್ಲ.

ಹಂದಿಗೋಡು ಕಲಿಸಿದ್ದು

ಎಲ್ಲ ಸೊಟ್ಟಗಾಲೂ ಆಹಾರದ ಕೊರತೆಯಿಂದ ಬರುವುದಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ ಮತ್ತು ಮಂಡಿ ಕೀಲುಗಳು ಸವೆದು ಜನ ನಡೆಯಲಾರದೆ ಹೋದರು, ಕೆಲವರು ಕುಳ್ಳಗೇ ಉಳಿದರು. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ ಮೊದಮೊದಲು ಅನುಮಾನವಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿದಂತೆ ತಜ್ಞರು ಕುಟುಂಬಗಳನ್ನು ಪರೀಕ್ಷಿಸಿದಾಗ ಅದು ವಂಶಪಾರಂಪರ್ಯವಾಗಿ ಬರುವ, ಮೂಳೆ ಮತ್ತು ಮೃದ್ವಸ್ಥಿಯ ಬೆಳವಣಿಗೆಯನ್ನೇ ಕೆಡಿಸುವ ಕಾಯಿಲೆ ಎಂಬ ತೀರ್ಮಾನಕ್ಕೆ ಬಂದರು. ನಿಮ್ಮ ಕುಟುಂಬದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಚಿಕ್ಕ ವಯಸ್ಸಿನಲ್ಲೇ ಸೊಂಟ, ಮಂಡಿ ನೋವು ಅಥವಾ ಕುಂಟು ನಡಿಗೆ ಇದ್ದರೆ ಅದನ್ನು ವೈದ್ಯರಿಗೆ ಮರೆಮಾಚದೆ ಹೇಳಿ. ಹೆಣ್ಣು ನೋಡಲು ಬಂದವರಿಗೆ ಗೊತ್ತಾದೀತೆಂದು ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ.

ನೀರಿನ ವಿಷಯವನ್ನೂ ಇಲ್ಲೇ ಹೇಳಬೇಕು. ನಮ್ಮ ಜಿಲ್ಲೆಯ ಜಗಳೂರು ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರ್‌ನಲ್ಲಿ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಫ್ಲೋರೈಡ್ ತುಂಬಾ ಹೆಚ್ಚಿದ್ದರೆ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಿಸಿದ ನದಿಯ ನೀರು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕುಡಿಯಲು, ಅಡುಗೆಗೆ ಬಳಸಿ.

ಹಾಗಾದರೆ ಪಾಯಾ?

ಪಾಯಾದಲ್ಲಿ ಮೃದ್ವಸ್ಥಿ ಮತ್ತು ಚರ್ಮದ ಕೊಲಾಜೆನ್ ಕರಗಿ ಬಂದಿರುತ್ತದೆ. ಸಾರು ತಣ್ಣಗಾದಾಗ ಗಟ್ಟಿಯಾಗುವುದು ಅದರಿಂದಲೇ. ಅದೊಂದು ಪ್ರೋಟೀನ್, ಬಾಣಂತಿಗೆ, ಬಳಲಿದವರಿಗೆ ಹಿತ. ಆದರೆ ಮೂಳೆಯ ಸುಣ್ಣ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಆದ್ದರಿಂದ ಸಾರಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಹಾಲೂಡಿಸುವ ತಾಯಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ. ನುಗ್ಗೆಸೊಪ್ಪು, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಮೊಸರು ಇವೆಲ್ಲ ಒಳ್ಳೆಯ ಮೂಲಗಳು. ಅನ್ನ, ಮಂಡಕ್ಕಿ, ಬೆಣ್ಣೆ ದೋಸೆಯಿಂದ ಹೊಟ್ಟೆ ತುಂಬುತ್ತದೆ, ಮೂಳೆ ತುಂಬುವುದಿಲ್ಲ. ರಮಝಾನ್‌ನಲ್ಲಿ ಇಫ್ತಾರ್‌ನ ಬಜ್ಜಿ, ಸಮೋಸ ಕಡಿಮೆ ಮಾಡಿ, ಸಹರಿಗೆ ಮೊಸರು, ರಾಗಿ ಗಂಜಿ ಸೇರಿಸಿಕೊಳ್ಳಿ.

ಊಟದಷ್ಟೇ ಮುಖ್ಯವಾದದ್ದು ಓಡಾಟ. ಭಾರ ಬಿದ್ದ ಮೂಳೆ ಗಟ್ಟಿಯಾಗುತ್ತದೆ, ಬಳಸದ ಮೂಳೆ ಸವೆಯುತ್ತದೆ. ಗಂಡುಮಕ್ಕಳು ಮೈದಾನಕ್ಕೆ ಓಡುತ್ತಾರೆ. ಹತ್ತು ಹನ್ನೆರಡು ದಾಟಿದ ಹೆಣ್ಣುಮಕ್ಕಳನ್ನು ಮನೆಯೊಳಗೆ ಕೂರಿಸಿಬಿಡುತ್ತೇವೆ. ಮೂಳೆಯ ಠೇವಣಿ ಅತಿ ವೇಗವಾಗಿ ಕೂಡುವುದು ಅದೇ ವಯಸ್ಸಿನಲ್ಲಿ. ಅವರಿಗೂ ಹಗ್ಗದಾಟ, ಓಟ, ಆಟ ಬೇಕು. ಹಾಲಿನ ಲೋಟವೂ ತಮ್ಮನಿಗೆ ಕೊಟ್ಟಷ್ಟೇ ಅಕ್ಕನಿಗೂ ಸಿಗಬೇಕು.

ಹಿರಿಯರ ಮಂಡಿ

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಅದರೊಳಗೆ ರಕ್ತ ಹರಿಯುತ್ತಿದೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಕೀಲು ಆಡಿದಾಗ ಸ್ಪಂಜು ಹಿಂಡಿ ಬಿಟ್ಟಂತಾಗಿ ಸುತ್ತಲಿನ ದ್ರವದಿಂದ ಅದಕ್ಕೆ ಆಹಾರ ಸಿಗುತ್ತದೆ. ಹಾಗಾಗಿ ಸವೆದ ಮೇಲೆ ಅದು ಮೊದಲಿನಂತೆ ಬೆಳೆಯುವುದಿಲ್ಲ. ನೋವು ಬರುವ ಹೊತ್ತಿಗೆ ಸಾಕಷ್ಟು ಸವೆದಿರುತ್ತದೆ. ಬೀಡಿ ಸುತ್ತುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ತೂಕ ಇಳಿಸಿ. ತೊಡೆಯ ಸ್ನಾಯುವಿಗೆ ವ್ಯಾಯಾಮ ಕೊಡಿ. ನಮಾಝ್‌ನಲ್ಲಿ ಕೀಲುಗಳು ಆಡುವುದು ಒಳ್ಳೆಯದೇ. ಮಂಡಿ ಮಡಚಲಾಗದಷ್ಟು ನೋವಿರುವವರು ಕುರ್ಚಿಯ ಅನುಮತಿಯನ್ನು ಬಳಸಿಕೊಳ್ಳಲು ಸಂಕೋಚಪಡಬೇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ‘ಯುನಾನಿ’, ‘ದೇಸಿ’ ಎಂಬ ಹೆಸರಿನಲ್ಲಿ ಕೀಲುನೋವಿನ ಪುಡಿ ಮಾರುವವರಿದ್ದಾರೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯವಿದೆ. ಅದು ಮೂಳೆಯನ್ನು ಒಳಗಿನಿಂದ ಟೊಳ್ಳು ಮಾಡುತ್ತದೆ, ಸಕ್ಕರೆ ಏರಿಸುತ್ತದೆ, ತೊಡೆಮೂಳೆಯ ತಲೆಯನ್ನೇ ಸಾಯಿಸಬಹುದು. ನಿಜವಾದ ಯುನಾನಿ ಔಷಧಿಯ ಡಬ್ಬಿಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಪುಡಿಯ ಪೊಟ್ಟಣ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಮನೆಯಲ್ಲಿ ಬೆಳೆಯುವ ಮಗುವಿದ್ದರೆ ಈ ವಾರವೇ ಮೂರು ಕೆಲಸ ಮಾಡಿ. ಅದರ ಮಣಿಕಟ್ಟು ಮತ್ತು ಕಾಲುಗಳನ್ನು ಒಮ್ಮೆ ಗಮನಿಸಿ ನೋಡಿ. ದಿನದ ಊಟದಲ್ಲಿ ರಾಗಿ, ಹಾಲು ಅಥವಾ ಸೊಪ್ಪು ಎಷ್ಟಿದೆ ಎಂದು ಲೆಕ್ಕ ಹಾಕಿ. ಅರ್ಧ ಗಂಟೆ ಬಿಸಿಲಿನಲ್ಲಿ ಆಡಲು ಬಿಡಿ. ಗ್ರೋತ್ ಪ್ಲೇಟ್ ತೆರೆದಿರುವುದು ಹದಿನೈದು ಹದಿನೆಂಟು ವರ್ಷ ಮಾತ್ರ.